ಹೊರಗೆ ಕೂತ್ಕೊಳ್ಳಿ ಮೇಡಂ

ನನ್ನ ತಂಗಿಗೆ ಯಾರು ಏನು ಕೇಳಿದರೂ ಉತ್ತರ ಕೊಡುವುದು ನಾನು. ಇದು ಇವತ್ತು ನಿನ್ನೆಯ ಅಭ್ಯಾಸವಲ್ಲ. ಅಮ್ಮ ತೀರಿಕೊಂಡಾಗ ಅವಳಿಗೆ ಐದು ವರ್ಷ, ನನಗೆ ಹದಿನೇಳು. ಶಾಲೆಯಲ್ಲಿ ಟೀಚರ್ "ಯಾಕಮ್ಮ ಹೋಮ್‌ವರ್ಕ್ ಮಾಡಿಲ್ಲ" ಎಂದರೆ ಅವಳು ನನ್ನ ಮುಖ ನೋಡುತ್ತಿದ್ದಳು, ನಾನು "ಜ್ವರ ಬಂದಿತ್ತು ಮಿಸ್" ಎನ್ನುತ್ತಿದ್ದೆ. ದೊಡ್ಡವಳಾದ ಮೇಲೆ ಅವಳನ್ನು ಇಷ್ಟಪಟ್ಟು ಬಂದ ಹುಡುಗ ನನ್ನೆದುರಿಗೇ ಅವಳನ್ನು "ನಿಮಗೆ ಒಪ್ಪಿಗೆಯಾ?" ಎಂದು ಕೇಳಿದ. "ಒಪ್ಪಿಗೆ" ಎಂದವಳು ನಾನು. ಮೂವರೂ ಬಿದ್ದು ಬಿದ್ದು ನಕ್ಕೆವು. "ನಾನು ಯಾರನ್ನ ಮದ್ವೆ ಆಗ್ತಿದೀನಿ ಅಕ್ಕ, ಈಗ್ಲೇ ಹೇಳ್ಬಿಡಿ" ಎಂದು ಅವನು ತಮಾಷೆ ಮಾಡಿದ. ಒಳ್ಳೆಯವನು. ಲಿಫ್ಟ್ ರಿಪೇರಿ ಕೆಲಸ. ಮದುವೆಯಾಗಿ ನನ್ನ ಅಂಗಡಿಯ ಮೇಲಿನ ಮಹಡಿಯಲ್ಲೇ ಬಾಡಿಗೆಗೆ ಬಂದರು. ಅಂದರೆ ತಂಗಿ ನನ್ನಿಂದ ಹದಿನಾರು ಮೆಟ್ಟಿಲು ದೂರ ಹೋದಳು, ಅಷ್ಟೇ.

ನನ್ನದು ಆಲ್ಟ್ರೇಷನ್ ಅಂಗಡಿ. ಹೊಸದು ಹೊಲಿಯುವುದು ಕಡಿಮೆ, ಇರುವುದನ್ನು ಬಿಗಿ ಮಾಡುವುದು, ಸಡಿಲ ಮಾಡುವುದು, ಉದ್ದ ಇಳಿಸುವುದು. ಬರುವವರೆಲ್ಲ ಹೆಂಗಸರು. ಮೂಲೆಯಲ್ಲಿ ಒಂದು ಪರದೆ ಕಟ್ಟಿದ್ದೇನೆ. ಆ ಪರದೆಯ ಹಿಂದೆ ನಿಂತು ಟೇಪು ಸುತ್ತಿದರೆ ಸಾಕು, ಕೇಳದೆಯೇ ಎಲ್ಲ ಹೇಳಿಬಿಡುತ್ತಾರೆ. ಯಾರು ಯಾಕೆ ಸೊರಗಿದರು, ಯಾರಿಗೆ ಎಷ್ಟು ತಿಂಗಳು, ಗಂಡಂದಿರಿಗಿಂತ ಮುಂಚೆ ನನ್ನ ಟೇಪಿಗೆ ಗೊತ್ತಾಗುತ್ತದೆ. ಆದರೆ ತಂಗಿಯ ಅಳತೆಯನ್ನು ನಾನು ಒಂದು ದಿನವೂ ತೆಗೆದವಳಲ್ಲ. ನನ್ನದೇ ಅಳತೆಗೆ ಸುತ್ತಲೂ ಒಂದಿಂಚು ಕಡಿಮೆ ಮಾಡಿ ಹೊಲಿಯುತ್ತಿದ್ದೆ. ಅವಳೂ ಎಲ್ಲಿಯಾದರೂ ಹಿಡಿಯುತ್ತದೆ ಎಂದು ಬಾಯಿಬಿಟ್ಟವಳಲ್ಲ.

ತಂಗಿಯ ಹೊಟ್ಟೆಯಲ್ಲಿ ಎಂಟು ತಿಂಗಳು ತುಂಬಿದ್ದ ಮಗು ಒಂದು ಸೋಮವಾರ ಮಿಸುಕಾಡುವುದನ್ನು ನಿಲ್ಲಿಸಿತು. ಬುಧವಾರ ಬೆಳಿಗ್ಗೆ ಹೆರಿಗೆ ಮಾಡಿಸಿದರು. ಹೆಣ್ಣು. ತಂಗಿಯ ಗಂಡ ಕಾರಿಡಾರಿನಲ್ಲಿ ಗೋಡೆಗೆ ಹಣೆ ಒತ್ತಿ ನಿಂತಿದ್ದ, ಅವನನ್ನು ಅಲ್ಲಿಂದ ಅಲುಗಿಸುವುದಕ್ಕೇ ಆಗಲಿಲ್ಲ. ಒಳಗೆ ಇದ್ದವಳು ನಾನು. ಎಡಗೈಯಲ್ಲಿ ಬರೆಯುವ ಒಬ್ಬ ನರ್ಸ್ ಬಿಳಿ ಬಟ್ಟೆಯಲ್ಲಿ ಸುತ್ತಿದ್ದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು, "ತಾಯಿಗೆ ತೋರಿಸ್ಬೇಕಾ?" ಎಂದು ಕೇಳಿದಳು. ತಂಗಿ ಕಣ್ಣು ಮುಚ್ಚಿ ಮಲಗಿದ್ದಳು. "ಬೇಡ, ಅವಳು ತಡ್ಕೊಳಲ್ಲ" ಎಂದೆ. ಮಗುವನ್ನು ಆಸ್ಪತ್ರೆಗೇ ಒಪ್ಪಿಸುವ ಕಾಗದಕ್ಕೂ ನಾನೇ ಸಹಿ ಹಾಕಿದೆ. ಮುಂದಿನದನ್ನೆಲ್ಲ ಆಸ್ಪತ್ರೆಯವರು ನೋಡಿಕೊಂಡರು.

ತಂಗಿ ಮನೆಗೆ ಬರುವಷ್ಟರಲ್ಲಿ ತೊಟ್ಟಿಲ ಮಂಚವನ್ನು ಬಿಚ್ಚಿ ಅಟ್ಟಕ್ಕೆ ಹಾಕಿಸಿದೆ. ನಾನು ಹೊಲಿದಿಟ್ಟಿದ್ದ ಹನ್ನೊಂದು ಪುಟ್ಟ ಅಂಗಿಗಳನ್ನು ಒಂದು ಚೀಲಕ್ಕೆ ತುಂಬಿ ಅನಾಥಾಶ್ರಮಕ್ಕೆ ಕೊಟ್ಟು ಬಂದೆ. ಕಣ್ಣಿಗೆ ಬಿದ್ದರೆ ತಾನೇ ಸಂಕಟ? ಯಾರೇ ಆಗಲಿ ಹಾಗೆಯೇ ಮಾಡುತ್ತಿದ್ದರು. ಆ ದಿನಗಳಲ್ಲಿ ನನ್ನ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೇ ಇತ್ತು, ಸುಳ್ಳು ಯಾಕೆ ಹೇಳಲಿ.

ಅವಳು ಹಾಸಿಗೆಯಿಂದ ಏಳಲಿಲ್ಲ. ಮೊದಲ ವಾರ ಬಾಣಂತಿ ಸುಸ್ತು ಎಂದುಕೊಂಡೆ. ಮೊದಲ ತಿಂಗಳು ದುಃಖ ಇರುವುದೇ ತಾನೇ ಎಂದುಕೊಂಡೆ. ನಾಲ್ಕನೆಯ ತಿಂಗಳಿಗೆ ಬಂದಾಗ ಅವಳ ತಲೆಗೂದಲು ಜಡೆಗಟ್ಟಿತ್ತು, ಊಟದ ತಟ್ಟೆ ಹೋದ ಹಾಗೆಯೇ ವಾಪಸು ಬರುತ್ತಿತ್ತು. ಏನು ಕೇಳಿದರೂ ಹೂಂ, ಊಹೂಂ. ಒಂದು ಮಧ್ಯಾಹ್ನ ಅವಳು ಕಿಟಕಿಯ ಕಂಬಿ ಹಿಡಿದು ಕೆಳಗಿನ ರಸ್ತೆಯನ್ನು ನೋಡುತ್ತಿದ್ದ ರೀತಿಯನ್ನು ನಾನು ನೋಡಿದೆ. ಇವಳು ನನ್ನ ಕೈಬಿಟ್ಟು ಹೋಗುತ್ತಾಳೆ ಎಂದು ಅವತ್ತೇ ಗಟ್ಟಿಯಾಗಿ ಅನ್ನಿಸಿದ್ದು. ಮಿಷಿನ್ನಿಗೆ ಮುಸುಕು ಹಾಕಿ ಡಾಕ್ಟರನ್ನು ಹುಡುಕಲು ಹೊರಟೆ.

ಮೊದಲನೆಯವರು ದೊಡ್ಡ ಆಸ್ಪತ್ರೆಯ ಮನೋವೈದ್ಯರು. ನಾನು ಅವರಿಗೆ ಕಂಪ್ಯೂಟರ್ ಡಾಕ್ಟರ್ ಎಂದು ಹೆಸರಿಟ್ಟೆ, ಏಕೆಂದರೆ ಅವರ ಮುಖ ಅದರ ಕಡೆಗೇ ಇತ್ತು. "ನಿದ್ದೆ?" ಎಂದರು. "ಇಲ್ಲ ಸಾರ್" ಎಂದೆ ನಾನು. "ಊಟ?" "ಸೇರಲ್ಲ ಸಾರ್." ಆಮೇಲೆ ಅವಳ ಗಂಡನ ಕಡೆ ತಿರುಗಿ, "ಮನೆಗೆಲಸ ಎಲ್ಲ ಮಾಡ್ತಾರಾ? ನಿಮ್ಮ ಜೊತೆ ಸರಿಯಾಗಿದಾರಾ?" ಎಂದು ಕೇಳಿದರು. ಅವನು ನನ್ನ ಮುಖ ನೋಡಿದ. ಐದು ನಿಮಿಷಕ್ಕೆ ಚೀಟಿ ಕೈಗೆ ಬಂತು. ಹೊರಗೆ ಬಂದ ಮೇಲೆ ಲೆಕ್ಕ ಹಾಕಿದರೆ, ತಂಗಿಯನ್ನು ಅವರು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ನಾನು ಆಗ ಅದನ್ನು ಅವರ ತಪ್ಪು ಎಂದು ಮಾತ್ರ ತಿಳಿದೆ. ಮಾತ್ರೆ ನುಂಗಿದ ತಂಗಿ ಹದಿನಾಲ್ಕು ಗಂಟೆ ಮಲಗಿದಳು, ಎದ್ದು ಮತ್ತೆ ಕಿಟಕಿ ಹಿಡಿದಳು.

ಹೆಣ್ಣಿನ ಕಷ್ಟ ಹೆಣ್ಣಿಗೇ ಗೊತ್ತು ಎಂದುಕೊಂಡು ಎರಡನೆಯ ಸಲ ಹೆಂಗಸನ್ನೇ ಹುಡುಕಿದೆ. ಗೋಡೆ ತುಂಬ ಸರ್ಟಿಫಿಕೇಟು, ಮೇಜಿನ ಮೇಲೆ ಪ್ಲಾಸ್ಟಿಕ್ ಹೂವು, ಬಾಯಿ ತುಂಬ ನಗು. ನಾನು ಇದ್ದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಅವರು ತಂಗಿಯ ಕೈ ತಟ್ಟಿ, "ನಿಮಗಿನ್ನೂ ವಯಸ್ಸಿದೆ. ಆಗಿದ್ದಾಯ್ತು. ವರ್ಷದೊಳಗೆ ಇನ್ನೊಂದು ಮಾಡ್ಕೊಳ್ಳಿ, ಮಡಿಲು ತುಂಬಿದ್ರೆ ಎಲ್ಲ ಮರ್ತುಹೋಗುತ್ತೆ" ಎಂದರು. ನಾನು ತಲೆಯಾಡಿಸಿದೆ. ಬಸ್‌ಸ್ಟಾಪಿನಲ್ಲಿ ತಂಗಿ ವಾಂತಿ ಮಾಡಿಕೊಂಡಳು. ಬಿಸಿಲಿಗೆ ಇರಬೇಕು ಎಂದುಕೊಂಡೆ. ಅವಳ ಗಂಡ ಮಾತ್ರ ಅವತ್ತೇ ಸದ್ದಿಲ್ಲದೆ ತನ್ನ ಹಾಸಿಗೆಯನ್ನು ಎತ್ತಿಕೊಂಡು ಹಾಲ್‌ಗೆ ಹೋದ. ನನಗಿಂತ ಅವನಿಗೇ ಬುದ್ಧಿ ಇತ್ತು.

ಮೂರನೆಯವರ ವಿಳಾಸ ಕೊಟ್ಟವಳು ಒಬ್ಬ ಬಸ್ ಕಂಡಕ್ಟರ್. ಪ್ಯಾಂಟಿನ ಸೊಂಟ ಬಿಗಿ ಮಾಡಿಸಲು ಬಂದಿದ್ದಳು. ನಾನು ಗುಂಡುಪಿನ್ನು ಬಾಯಲ್ಲಿ ಕಚ್ಚಿಕೊಂಡೇ ಇಬ್ಬರು ಡಾಕ್ಟರರನ್ನೂ ಬೈದೆ. ಅವಳು ಕನ್ನಡಿಯಲ್ಲಿ ನನ್ನನ್ನು ನೋಡುತ್ತ, "ನಂಗೂ ಒಂದು ವರ್ಷ ತಲೆ ನಿಂತಿರ್ಲಿಲ್ಲ ಅಕ್ಕ" ಎಂದಳು. ಟಿಕೆಟ್ ಯಂತ್ರ ಹಿಡಿದು ನಗುತ್ತ ನಗುತ್ತ ಓಡಾಡುವ ಹೆಂಗಸು, ನನಗೆ ನಂಬಲಾಗಲಿಲ್ಲ. "ಡಾಕ್ಟ್ರು ಗಂಡಸಾ ಹೆಂಗಸಾ, ಎಷ್ಟು ಓದಿದಾರೆ, ಅದೆಲ್ಲ ಆಮೇಲೆ. ಅವ್ರು ಯಾರನ್ನ ನೋಡಿ ಮಾತಾಡ್ತಾರೆ ಅದನ್ನ ನೋಡಿ" ಎಂದು ಹೇಳಿ ಒಂದು ಹಳೆಯ ಟಿಕೆಟಿನ ಹಿಂದೆ ವಿಳಾಸ ಬರೆದುಕೊಟ್ಟಳು.

ಅದು ಒಂದು ಮುದ್ರಣಾಲಯದ ಮೇಲಿನ ಕೋಣೆ. ಮೆಟ್ಟಿಲು ಹತ್ತುವಾಗಲೇ ಶಾಯಿಯ ವಾಸನೆ, ಕಾಲಡಿಯಲ್ಲಿ ಯಂತ್ರದ ಗಡಗಡ. ಬಾಗಿಲ ಹೊರಗೆ ಒಂದು ಮರದ ಬೆಂಚು, ಒಳಗೆ ಒಂದೇ ಎತ್ತರದ ಕುರ್ಚಿಗಳು, ಒಂದು ಹೂಜಿ ನೀರು. ಅಲ್ಲಿದ್ದ ಕೌನ್ಸೆಲರ್ ಮೇಡಂಗೆ ಐವತ್ತರ ಹತ್ತಿರ ವಯಸ್ಸು, ಗಿಡ್ಡ ಕೂದಲು, ತೋಳಿನ ಹೊಲಿಗೆ ಬಿಟ್ಟಿದ್ದ ಅಂಗಿ. ಇವರಿಗೆ ತಮ್ಮ ಬಟ್ಟೆಯ ಮೇಲೇ ಗಮನವಿಲ್ಲ, ಇನ್ನು ನನ್ನ ತಂಗಿಯನ್ನು ಏನು ನೋಡುತ್ತಾರೆ ಎಂದುಕೊಂಡೆ.

"ನಿಮ್ಮನ್ನ ಏನಂತ ಕರೀಲಿ?" ಎಂದು ಅವರು ತಂಗಿಯನ್ನು ಕೇಳಿದರು. ನಾನು ಹೆಸರು ಹೇಳಿದೆ. ಅವರು ನನ್ನ ಕಡೆ ತಿರುಗಲೇ ಇಲ್ಲ, ತಂಗಿಯನ್ನೇ ನೋಡುತ್ತ ಕಾದರು. ಎಷ್ಟೋ ಹೊತ್ತಿನ ಮೇಲೆ ಅವಳು ತಾನೇ ತನ್ನ ಹೆಸರನ್ನು ಹೇಳಿದಳು. ನಾನು ಹೇಳಿದ ಅದೇ ಹೆಸರು. ಇದರಲ್ಲೇನು ದೊಡ್ಡಸ್ತಿಕೆ ಎಂದು ನನಗೆ ಸಿಟ್ಟು ಬಂತು. ಸರಿ, ನಾನು ನಾಲ್ಕು ತಿಂಗಳ ಕಥೆ ಶುರು ಮಾಡಿದೆ. ಅವರು ಅರ್ಧದಲ್ಲೇ ತಂಗಿಯನ್ನು ಕೇಳಿದರು.

"ಹೆರಿಗೆ ಆದ್ಮೇಲೆ ಹಾಲು ಬಂತಾ?"

"ಆಸ್ಪತ್ರೇಲೇ ಮಾತ್ರೆ ಕೊಟ್ಟಿದ್ರು ಮೇಡಂ, ಅದೆಲ್ಲ ಏನಾಗಿಲ್ಲ" ಎಂದೆ ನಾನು.

"ಬಂತು" ಎಂದಳು ತಂಗಿ. ನೆಲ ನೋಡಿಕೊಂಡೇ ಹೇಳಿದಳು. "ಹನ್ನೆರಡು ದಿನ ಬಂತು. ಅಕ್ಕನ ಅಂಗಡಿಯಿಂದ ಲೈನಿಂಗ್ ಬಟ್ಟೆ ತಂದು ಬಿಗಿಯಾಗಿ ಕಟ್ಕೊಳ್ತಿದ್ದೆ. ಒದ್ದೆ ಆದ್ರೆ ಬಾತ್‌ರೂಮಲ್ಲಿ ಹಿಂಡ್ತಿದ್ದೆ."

ಎರಡು ಮೀಟರ್ ಲೈನಿಂಗ್ ಕಾಣೆಯಾಗಿದೆ ಎಂದು ನಾನು ಆ ತಿಂಗಳು ಅಂಗಡಿಯೆಲ್ಲ ತಡಕಾಡಿದ್ದೆ. ಇಲಿ ಎಳೆದುಕೊಂಡು ಹೋಗಿದೆ ಎಂದು ಬೋನು ಕೂಡ ಇಟ್ಟಿದ್ದೆ. ಹೆಂಗಸರ ಮೈ ನೋಡಿ ಮನಸ್ಸು ಹೇಳುವವಳು ನಾನು. ಅವಳು ಹೇಳಿದ್ದು ಕೇಳಿದ ಮೇಲಾದರೂ ನನ್ನ ಬಾಯಿ ಸುಮ್ಮನಿರಬೇಕಲ್ಲ. "ನಂಗೊಂದು ಮಾತು ಹೇಳಿದ್ರೆ ನಾನು ನೋಡ್ಕೊಳ್ತಿರ್ಲಿಲ್ವಾ? ಇವಳು ಹೀಗೇ ಮೇಡಂ, ಮೊದ್ಲಿಂದ್ಲೂ..."

"ಅಕ್ಕಾವ್ರೇ" ಎಂದರು ಅವರು. ದನಿ ಮೆತ್ತಗೇ ಇತ್ತು. "ನೀವು ಸ್ವಲ್ಪ ಹೊರಗೆ ಕೂತ್ಕೊಳ್ಳಿ."

"ನಾನು ಇವಳ ತಾಯಿ ಇದ್ದ ಹಾಗೆ."

"ಗೊತ್ತಾಯ್ತು. ಹೊರಗೆ ಕೂತ್ಕೊಳ್ಳಿ."

ನಾನು ತಂಗಿಯ ಮುಖ ನೋಡಿದೆ. ಅಕ್ಕ ಇಲ್ಲೇ ಇರಲಿ ಎನ್ನುತ್ತಾಳೆ ಎಂದು ಕಾದೆ. ಅವಳು ತಲೆ ಎತ್ತಲಿಲ್ಲ. ನಾನೇ ಎದ್ದು ಬಂದು ಬೆಂಚಿನ ಮೇಲೆ ಕೂತೆ. ಅವರಿಗೆ ಅಲ್ಲೇ ಹೆಸರಿಟ್ಟೆ, ಹೊರಗೆ ಕೂತ್ಕೊಳ್ಳಿ ಮೇಡಂ ಎಂದು. ಕೆಳಗೆ ಟೀ ವೇಳೆಗೆ ಯಂತ್ರ ನಿಂತಿತು. ಆ ನಿಶ್ಶಬ್ದದಲ್ಲಿ ಬಾಗಿಲಿನಾಚೆಯಿಂದ ತಂಗಿಯ ದನಿ ಕೇಳಿಸಿತು. ಮಾತುಗಳು ತಿಳಿಯುತ್ತಿರಲಿಲ್ಲ, ದನಿ ಮಾತ್ರ. ನಡುನಡುವೆ ಬಿಕ್ಕುತ್ತ, ಮತ್ತೆ ಮುಂದುವರಿಯುತ್ತ, ನಿಲ್ಲದೆ ಅರ್ಧ ಗಂಟೆ. ಜನ್ಮದಲ್ಲಿ ಅವಳು ನನ್ನ ಹತ್ತಿರ ಅಷ್ಟು ಹೊತ್ತು ಒಂದೇ ಸಮನೆ ಮಾತನಾಡಿದ್ದಿಲ್ಲ. ನನಗೆ ಸಂತೋಷವಾಗಬೇಕಿತ್ತು. ಆದದ್ದು ಹೊಟ್ಟೆಕಿಚ್ಚು.

ಬಸ್ಸಿನಲ್ಲಿ ಕೇಳಿದೆ, ಮನೆಯಲ್ಲಿ ಕೇಳಿದೆ. "ಏನು ಹೇಳ್ದೆ ಅವ್ರ ಹತ್ರ? ನನ್ನ ಬಗ್ಗೆ ಏನಾದ್ರೂ ಹೇಳಿದ್ಯಾ?" ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ. ಅವಳು "ಏನಿಲ್ಲ ಅಕ್ಕ" ಎಂದು ಗೋಡೆ ಕಡೆ ತಿರುಗಿದಳು. ಮರುದಿನ ನಾನು ಮೇಡಂಗೆ ಫೋನ್ ಮಾಡಿದೆ. "ಅವಳಿಗೆ ಸರಿಯಾಗಿ ಹೇಳೋಕೆ ಬರಲ್ಲ, ಏನಾದ್ರೂ ಬೇಕಿದ್ರೆ ನನ್ನ ಕೇಳಿ" ಎಂದೆ. "ಅವರಿಗೆ ಚೆನ್ನಾಗಿ ಹೇಳೋಕೆ ಬರುತ್ತೆ" ಎಂದರು. ಉರಿದುಹೋಯಿತು ನನಗೆ.

ಮುಂದಿನ ಮಂಗಳವಾರ ಮತ್ತೆ ಹೋಗಬೇಕಿತ್ತು. ಸೋಮವಾರವೇ ತಂಗಿಗೆ ಹೇಳಿದೆ: "ಮೇಡಂಗೆ ಹುಷಾರಿಲ್ವಂತೆ, ನಾಳೆ ಬರ್ಬೇಡಿ ಅಂದ್ರು." ಸುಳ್ಳು. ಅವಳು ಒಂದು ಕ್ಷಣ ನನ್ನನ್ನೇ ನೋಡಿ ಹೂಂ ಎಂದಳು. ನಾನು ಬೇರೆ ಯಾರನ್ನಾದರೂ ಹುಡುಕುವವಳಿದ್ದೆ, ನನಗೂ ಒಂದು ಕುರ್ಚಿ ಹಾಕುವಂಥವರನ್ನು.

ಮಂಗಳವಾರ ಹನ್ನೊಂದಕ್ಕೆ ಮೇಲೆ ಹೋದರೆ ಹಾಸಿಗೆ ಖಾಲಿ. ನಾನು ಮೊದಲು ಓಡಿದ್ದು ಎಲ್ಲಿಗೆ ಗೊತ್ತೇ? ತಾರಸಿಯ ಮೇಲಿನ ನೀರಿನ ಟ್ಯಾಂಕಿಗೆ. ಮುಚ್ಚಳ ಎತ್ತಿ ಒಳಗೆ ಬಗ್ಗಿ ನೋಡಿದೆ. ನೀರಿನಲ್ಲಿ ನನ್ನದೇ ಮುಖ. ಮುಚ್ಚಳ ಮುಚ್ಚಿ ಕೆಳಗೆ ಓಡಿದೆ. ಅವಳ ಗಂಡನಿಗೆ ಫೋನ್ ಮಾಡಿದರೆ ಅವನು ಯಾವುದೋ ಲಿಫ್ಟಿನ ಗುಂಡಿಯಲ್ಲಿದ್ದ, ಸಿಗಲಿಲ್ಲ. ಚಪ್ಪಲಿಯನ್ನೂ ಮೆಟ್ಟದೆ ರಸ್ತೆಗೆ ಇಳಿದವಳಿಗೆ ಕೊನೆಗೆ ಹೊಳೆದದ್ದು ಆ ಮೆಟ್ಟಿಲು, ಆ ಶಾಯಿಯ ವಾಸನೆ.

ಬಾಗಿಲ ಹೊರಗೆ ಅವಳ ಚಪ್ಪಲಿಗಳಿದ್ದವು. ನಾಲ್ಕು ತಿಂಗಳಲ್ಲಿ ಅವಳು ಒಬ್ಬಳೇ ರಸ್ತೆಗೆ ಇಳಿದದ್ದು ಅದೇ ಮೊದಲು. ಬೆಂಚಿನ ಮೇಲೆ ಕೂತು ಅವುಗಳನ್ನೇ ನೋಡುತ್ತ ಅತ್ತೆ. ಬಾಗಿಲು ತೆರೆದುಕೊಂಡಿತು. ತಂಗಿ ನನ್ನ ಬರಿಗಾಲನ್ನು ನೋಡಿ, ಆಮೇಲೆ ಮುಖ ನೋಡಿ, "ಮೇಡಂಗೆ ಹುಷಾರಾಗಿದೆ ಅಕ್ಕ" ಎಂದಳು. ಕುಟುಕುವ ದನಿಯೇನಲ್ಲ. ಅದಕ್ಕೇ ಜಾಸ್ತಿ ಚುಚ್ಚಿತು.

ಅಲ್ಲಿಂದ ಮುಂದೆ ಅವಳು ಪ್ರತಿ ಮಂಗಳವಾರ ಹೋದಳು. ಮೇಡಂ ಅವಳನ್ನು ಮಾತ್ರೆ ಬರೆದುಕೊಡುವ ಒಬ್ಬ ಡಾಕ್ಟರಮ್ಮನ ಹತ್ತಿರ ಕಳಿಸಿ ಬೇರೆ ಮಾತ್ರೆಯನ್ನೂ ಕೊಡಿಸಿದರು. ಆ ಡಾಕ್ಟರಮ್ಮನೂ ಮುಟ್ಟು, ನಿದ್ದೆ, ಎದೆನೋವು ಎಲ್ಲವನ್ನೂ ಅವಳ ಬಾಯಿಂದಲೇ ಕೇಳಿದರಂತೆ. ನಾನು ಬೆಂಚಿನ ಮೇಲೆ ಕೂತು ಕಾಜಾ ಹೊಲಿಯುತ್ತಿದ್ದೆ, ಬೇರೆಯವರ ಅಂಗಿಗಳಿಗೆ ಗುಂಡಿ ಹಾಕುತ್ತಿದ್ದೆ. ಅವಳು ಊಟ ಮಾಡತೊಡಗಿದಳು. ಒಂದು ದಿನ ಜಡೆಗಟ್ಟಿದ್ದ ಕೂದಲನ್ನು ಗಂಡನ ಕೈಯಲ್ಲಿ ಕತ್ತರಿಸಿಕೊಂಡಳು. ಅವನು ಸ್ಪ್ಯಾನರ್ ಹಿಡಿಯುವ ಕೈಯಲ್ಲಿ ಓರೆಕೋರೆ ಕತ್ತರಿಸಿದ್ದ. "ನನ್ನ ಕರೀಬಾರ್ದಿತ್ತಾ?" ಎಂದರೆ ಇಬ್ಬರೂ ನಕ್ಕರು.

ಒಂಬತ್ತನೆಯ ಮಂಗಳವಾರ ಮೇಡಂ ಬಾಗಿಲು ತೆರೆದು, "ಅಕ್ಕಾವ್ರೇ, ಒಳಗೆ ಬನ್ನಿ" ಎಂದರು.

ಕೊನೆಗೂ ನನ್ನ ಬೆಲೆ ಗೊತ್ತಾಯಿತಲ್ಲ ಎಂದು ಬೀಗುತ್ತಲೇ ಹೋದೆ. ಹೇಳಬೇಕಾದ್ದನ್ನೆಲ್ಲ ಎಷ್ಟೋ ವಾರದಿಂದ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದೆ. ಮೂರನೆಯ ಕುರ್ಚಿ ಹಾಕಿದ್ದರು. "ಇವತ್ತು ನಿಮ್ಮ ತಂಗಿ ನಿಮ್ಮನ್ನ ಒಂದು ವಿಷಯ ಕೇಳ್ಬೇಕಂತೆ" ಎಂದು ಹೇಳಿ ಮೇಡಂ ಹಿಂದಕ್ಕೆ ಒರಗಿ ಕೂತರು.

ತಂಗಿ ನನ್ನ ಕಡೆ ತಿರುಗಿದಳು. "ಅವತ್ತು ನಂಗೆ ಎಚ್ಚರ ಇತ್ತು ಅಕ್ಕ. ನರ್ಸ್ ಕೇಳಿದ್ದು ಕೇಳಿಸ್ತು. ನೀನು ಬೇಡ ಅಂದಿದ್ದೂ ಕೇಳಿಸ್ತು."

ನಾನು ತಿರುಗಿ ಕೇಳಿದೆ. "ಮತ್ತೆ ಯಾಕೆ ಸುಮ್ನಿದ್ದೆ? ತೋರ್ಸಿ ಅಂತ ನೀನೇ ಹೇಳ್ಬಾರ್ದಿತ್ತಾ?"

"ನೀನು ಹೇಳಾಗಿತ್ತಲ್ಲ" ಎಂದಳು. ಇಪ್ಪತ್ತೈದು ವರ್ಷ ಹಾಗೆಯೇ ನಡೆದುಕೊಂಡು ಬಂದಿತ್ತಲ್ಲ. ಅವಳ ಪಾಲಿಗೆ ನಾನು ಹೇಳಿದ ಮೇಲೆ ಮುಗಿಯಿತು.

"ಒಳ್ಳೇದಕ್ಕೇ ಕಣೇ. ನೀನು ತಡ್ಕೊಳ್ತಿರ್ಲಿಲ್ಲ."

"ಜಗಳಕ್ಕೆ ಕರ್ದಿಲ್ಲ ಅಕ್ಕ. ಬೈತಾನೂ ಇಲ್ಲ." ಅವಳು ಕುರ್ಚಿಯನ್ನು ಇಷ್ಟು ಮುಂದಕ್ಕೆ ಎಳೆದುಕೊಂಡಳು. "ನಾನು ನೋಡ್ಲಿಲ್ಲ. ನಮ್ಮನೆಯವ್ರು ಹೊರಗಿದ್ರು. ನೀನೊಬ್ಳೇ ನೋಡಿರೋದು. ಹೇಗಿದ್ಲು ಹೇಳು. ಕೂದ್ಲು ಇತ್ತಾ? ಮೂಗು ಯಾರ ಥರ ಇತ್ತು? ಅಷ್ಟು ಹೇಳಿಬಿಡು, ನಂಗೆ ಸಾಕು."

ಅವಳ ಎರಡೂ ಕೈಗಳು ತೊಡೆಯ ಮೇಲೆ ತೆರೆದುಕೊಂಡಿದ್ದವು. ನನ್ನ ಬಾಯಿ ಯಾವತ್ತಿನ ಹಾಗೆ ಸಿದ್ಧವಾಗಿತ್ತು. ಕೂದಲು ದಟ್ಟವಾಗಿ ಕಪ್ಪಗೆ, ಮೂಗು ಅಮ್ಮನದೇ, ನಿದ್ದೆ ಮಾಡುತ್ತಿರುವ ಹಾಗಿದ್ದಳು ಕಣೇ. ಬಟ್ಟೆ ಕತ್ತರಿಸಿಟ್ಟಿದ್ದ ಹಾಗೆ ಸುಳ್ಳು ತಯಾರಾಗಿತ್ತು, ಹೊಲಿಯುವುದೊಂದೇ ಬಾಕಿ. ಹೇಳಿದ್ದರೆ ಅವಳು ನಂಬುತ್ತಿದ್ದಳು. ನನ್ನ ಮಾತನ್ನು ಅವಳು ನಂಬದೇ ಇದ್ದದ್ದು ಯಾವಾಗ?

"ಕೂದ್ಲು..." ಎಂದೆ. ಅವಳ ಮುಖ ಅರಳಿತು. ಆರೇಳು ತಿಂಗಳ ಮೇಲೆ ಆ ಮುಖ ನನ್ನ ಕಡೆ ತಿರುಗಿ ಅರಳಿದ್ದು ಅದೇ ಮೊದಲು, ಅದೂ ನನ್ನ ಸುಳ್ಳಿಗೆ. ನನ್ನಿಂದ ಆಗಲಿಲ್ಲ.

"ನಾನು ನೋಡ್ಲಿಲ್ಲ ಕಣೇ" ಎಂದೆ. "ನರ್ಸ್ ನನ್ನನ್ನೂ ಕೇಳಿದ್ಲು, ನೀವಾದ್ರೂ ನೋಡ್ತೀರಾ ಅಂತ. ಬಟ್ಟೆ ಸ್ವಲ್ಪ ಸರಿಸೋಕೆ ಹೋದ್ಲು. ನಾನು ಮುಖ ತಿರುಗಿಸ್ಬಿಟ್ಟೆ. ತಡ್ಕೊಳೋಕೆ ಆಗ್ದೆ ಇದ್ದಿದ್ದು ನಿಂಗಲ್ಲ. ನಂಗೆ."

ಕೆಳಗೆ ಯಂತ್ರ ಗಡಗಡ ಎನ್ನುತ್ತಲೇ ಇತ್ತು. ತಂಗಿಯ ಕೈಗಳು ನಿಧಾನವಾಗಿ ಮುಚ್ಚಿಕೊಂಡವು.

"ಹಾಗಾದ್ರೆ ಅವಳನ್ನ ಮನೆಯವರು ಯಾರೂ ನೋಡ್ಲಿಲ್ಲ" ಎಂದಳು. ಆಮೇಲೆ ಅವಳು ಅತ್ತ ರೀತಿಯನ್ನು ನಾನು ಬರೆಯಲಾರೆ. ಎದ್ದು ಹೋಗಿ ತಬ್ಬಿಕೊಳ್ಳೋಣವೆಂದರೆ ಆ ಹಕ್ಕು ನನಗಿದೆಯೋ ಇಲ್ಲವೋ ತಿಳಿಯಲಿಲ್ಲ. ಮೇಡಂ ನನ್ನನ್ನು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಅವಳ ಅಳು ತಗ್ಗುವವರೆಗೆ ಕಾದು, "ಆಸ್ಪತ್ರೇಲಿ ಹೆರಿಗೆ ರಿಜಿಸ್ಟರ್ ಇರುತ್ತೆ. ಅದರಲ್ಲಿ ಏನು ಬರ್ದಿದಾರೆ ಅಂತ ನೀವು ಹೋಗಿ ಕೇಳ್ಬಹುದು. ನೀವು ತಾಯಿ" ಎಂದು ಅವಳಿಗೆ ಹೇಳಿದರು.

ಒಂಬತ್ತು ದಿನ ಅವಳು ನನ್ನ ಜೊತೆ ಮಾತನಾಡಲಿಲ್ಲ. ಇದು ಮೊದಲಿನ ಮೌನದ ಹಾಗಿರಲಿಲ್ಲ. ಇದರಲ್ಲಿ ಸಿಟ್ಟು ಇತ್ತು, ಮೆಟ್ಟಿಲ ಮೇಲೆ ಎದುರಾದರೆ ನನ್ನನ್ನು ನೇರವಾಗಿ ನೋಡಿಯೇ ಹೋಗುತ್ತಿದ್ದಳು. ನಾನು ಒಂದು ಅಂಗಿಯ ತೋಳನ್ನು ಎರಡು ಸಲ ತಿರುಗುಮುರುಗಾಗಿ ಹೊಲಿದೆ. ಹತ್ತನೆಯ ದಿನ ಅವಳೇ ಅಂಗಡಿಗೆ ಇಳಿದು ಬಂದು ಬಾಗಿಲಲ್ಲಿ ನಿಂತಳು.

"ನಾಳೆ ಆಸ್ಪತ್ರೆಗೆ ಹೋಗ್ತಿದೀನಿ. ನೀನೂ ಬಾ. ಆದ್ರೆ ಮಾತಾಡ್ಬೇಡ."

ದಾಖಲೆ ಕೋಣೆಯ ಗುಮಾಸ್ತ ಕನ್ನಡಕ ಏರಿಸಿ ಇಬ್ಬರನ್ನೂ ನೋಡಿದ. ದೊಡ್ಡವಳು ಎಂದು ನನ್ನನ್ನೇ ಕೇಳಿದ. "ಯಾರದ್ದು? ಏನು ಬೇಕಿತ್ತು?" ನಾನು ನಾಲಿಗೆ ಕಚ್ಚಿಕೊಂಡೆ. ತಂಗಿ ಮುಂದೆ ಬಂದು ಮೇಜಿನ ಅಂಚು ಹಿಡಿದಳು. "ಬೇಗ ಹೇಳಿ ಅಮ್ಮ, ಹಿಂದೆ ಜನ ನಿಂತಿದಾರೆ" ಎಂದ. ಹೇಳಿಬಿಡಲೇ ಎಂದು ಪ್ರಾಣ ಬಾಯಿಗೆ ಬಂತು. ಅವನ ಅಂಗಿಯ ಗುಂಡಿ ಎಣಿಸಿದೆ. ಏಳು ಇರಬೇಕಿತ್ತು, ಆರು ಇತ್ತು. ಮತ್ತೆ ಮೊದಲಿಂದ ಎಣಿಸಿದೆ.

"ನನ್ನ ಮಗಳದ್ದು" ಎಂದಳು ತಂಗಿ.

ಆ ಪದವನ್ನು ನಮ್ಮ ಮನೆಯಲ್ಲಿ ಯಾರೂ ಅದುವರೆಗೆ ಬಾಯಿಗೆ ತಂದಿರಲಿಲ್ಲ. ಗುಮಾಸ್ತ ಮತ್ತೇನೂ ಅವಸರ ಮಾಡಲಿಲ್ಲ. ದಿನಾಂಕ ಕೇಳಿಕೊಂಡು, ದಪ್ಪ ರಿಜಿಸ್ಟರ್ ತೆಗೆದು, ಒಂದು ಸಾಲಿನ ಕೆಳಗೆ ಸ್ಕೇಲು ಇಟ್ಟು ತೋರಿಸಿದ. ಎಡಕ್ಕೆ ವಾಲಿದ ಅಕ್ಷರ. ಹೆಣ್ಣು. ತೂಕ ಎರಡು ಕಿಲೋಗೆ ಐವತ್ತು ಗ್ರಾಂ ಕಡಿಮೆ. ಉದ್ದ ನಲವತ್ನಾಲ್ಕು ಸೆಂಟಿಮೀಟರ್. ಕೊನೆಯ ಅಂಕಣದಲ್ಲಿ, ನಿರ್ಜೀವ.

"ಇದನ್ನ ಬರೆದ ಸಿಸ್ಟರ್ ಇದಾರಾ?" ಎಂದು ತಂಗಿ ಕೇಳಿದಳು.

"ಅವ್ರು ಕೆಲಸ ಬಿಟ್ಟು ಬೇರೆ ಊರಿಗೆ ಹೋದ್ರಮ್ಮ."

"ಇಷ್ಟೇನಾ ಇರೋದು?"

"ಇಷ್ಟೇ ಅಮ್ಮ."

ಅವಳು ಆ ಸಾಲನ್ನು ಬೆರಳಿನಿಂದ ಒಮ್ಮೆ ಸವರಿದಳು. ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಇಬ್ಬರೂ ಕೂತೆವು. ಅವಳು ನನ್ನ ಚೀಲಕ್ಕೆ ಕೈ ಹಾಕಿ ಟೇಪು ತೆಗೆದಳು. ಅದು ಅಲ್ಲಿರುತ್ತದೆ ಎಂದು ಅವಳಿಗೆ ಗೊತ್ತು. ಇಂಚಿನ ಬದಿಯನ್ನು ಬಿಟ್ಟು, ನಾನು ಎಂದೂ ಬಳಸದ ಸೆಂಟಿಮೀಟರಿನ ಬದಿಯನ್ನು ತಿರುಗಿಸಿ ನಲವತ್ನಾಲ್ಕನ್ನು ಹುಡುಕಿದಳು. ಅಲ್ಲಿ ಹೆಬ್ಬೆರಳಿಟ್ಟು, ಟೇಪಿನ ತುದಿಯನ್ನು ಎಡಗೈಯ ಮೊಣಕೈಗೆ ಹಿಡಿದು ಎಳೆದಳು. ಬೆರಳ ತುದಿಗೆ ಸರಿಯಾಗಿ ಮುಟ್ಟಿತು. ಒಂದು ಮೊಳ.

"ಇಷ್ಟಿದ್ಲು" ಎಂದಳು.

ನಾನು ಟೇಪಿನ ಮೇಲಿನ ಅಂಕಿ ನೋಡಿದೆ.

"ನೀನು ಹೊಲಿದಿದ್ದೆಲ್ಲ ದೊಡ್ಡದಾಗ್ತಿತ್ತು ಅಕ್ಕ."

ತುಂಬು ಒಂಬತ್ತು ತಿಂಗಳ ಕೂಸಿನ ಅಂದಾಜಿಗೆ ಹೊಲಿದಿದ್ದೆ. ಬಿಗಿ ಮಾಡಿಕೊಡುತ್ತಿದ್ದೆ ಕಣೇ, ಎರಡು ನಿಮಿಷದ ಕೆಲಸ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಹನ್ನೊಂದರಲ್ಲಿ ಒಂದನ್ನಾದರೂ ಇಟ್ಟುಕೊಂಡಿರಲಿಲ್ಲ ನಾನು. ತಂಗಿ ಟೇಪಿನ ಮೇಲೆ ಬೆರಳು ಮಡಚಿ, ಆ ಕೈಯನ್ನು ಎದೆಗೆ ಒತ್ತಿಕೊಂಡಳು. ಜನ ಅತ್ತಿತ್ತ ಓಡಾಡುತ್ತಿದ್ದರು. ಅವಳು ಏಳುವವರೆಗೂ ನಾನು ಪಕ್ಕದಲ್ಲಿ ಸುಮ್ಮನೆ ಕೂತಿದ್ದೆ.